ಗುಂಡಿ ಒತ್ತಿದ ಮೇಲೆ ಸರ್ವರಿನಲ್ಲಿ ನಡೆಯುವುದೇನು?

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿ. ನಮ್ಮೂರಿನ ವಾಚನಾಲಯದ ಸದಸ್ಯರು ಮನೆಯಿಂದಲೇ ಪುಸ್ತಕ ಕಾಯ್ದಿರಿಸಲು ಅನುಕೂಲವಾಗುವಂತೆ ಒಂದು ಜಾಲತಾಣ ಮಾಡಿಕೊಡಬೇಕೆಂದಿದ್ದೇನೆ. ಎಚ್‌ಟಿಎಂಎಲ್‌ನಲ್ಲಿ ಫಾರ್ಮ್ ಸಿದ್ಧವಾಗಿದೆ, ಪೈಥಾನ್ ತಕ್ಕಮಟ್ಟಿಗೆ ಬರುತ್ತದೆ. ಆದರೆ ಗುಂಡಿ ಒತ್ತಿದ ಮೇಲೆ ಫಾರ್ಮಿನ ವಿವರ ನನ್ನ ಪ್ರೋಗ್ರಾಮಿಗೆ ಹೇಗೆ ತಲುಪುತ್ತದೆ, ಹತ್ತು ಜನ ಒಟ್ಟಿಗೆ ಒತ್ತಿದರೆ ಅದು ಹತ್ತು ಸಲ ಓಡುತ್ತದೆಯೇ, ಒಮ್ಮೆ ಲಾಗಿನ್ ಆದವರನ್ನು ಮುಂದಿನ ಪುಟದಲ್ಲಿ ಹೇಗೆ ಗುರುತು ಹಿಡಿಯುತ್ತದೆ ಎಂಬುದು ತಿಳಿಯುತ್ತಿಲ್ಲ. ಇದನ್ನೆಲ್ಲ ಬಿಟ್ಟು ನೇರವಾಗಿ ಒಂದು ಫ್ರೇಮ್‌ವರ್ಕ್ ಕಲಿತರೆ ಸಾಕೇ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವಾದರೂ ಅವುಗಳ ಬೇರು ಒಂದೇ. ನೀವು ಈವರೆಗೆ ಬರೆದ ಪ್ರೋಗ್ರಾಂಗಳು ಶುರುವಾಗಿ, ಕೀಬೋರ್ಡಿನಿಂದ ಏನನ್ನೋ ಕೇಳಿ ಪಡೆದು, ಲೆಕ್ಕ ಮಾಡಿ, ಉತ್ತರವನ್ನು ಪ್ರಿಂಟ್ ಮಾಡಿ ಮುಗಿದುಹೋಗುವಂಥವು. ಮುಗಿಯುವ ತನಕ ಅವುಗಳ ಎದುರಿಗೆ ಕುಳಿತವರು ಒಬ್ಬರೇ, ಮತ್ತು ಆ ಒಬ್ಬರು ಹಿಂದೆ ಏನು ಕೊಟ್ಟಿದ್ದರೆಂಬುದು ವೇರಿಯಬಲ್‌ಗಳಲ್ಲಿ ಭದ್ರವಾಗಿರುತ್ತದೆ. ವೆಬ್ಬಿನಲ್ಲಿ ಹಾಗಲ್ಲ. ಅಲ್ಲಿ ಸರ್ವರಿಗೆ ಬರುವ ಪ್ರತಿಯೊಂದು ಕೋರಿಕೆಯೂ, ಅಂದರೆ ನಾವೆಲ್ಲ ರಿಕ್ವೆಸ್ಟ್ ಎಂದು ಕರೆಯುವುದು, ಮೊದಲ ಬಾರಿಗೆ ಬಾಗಿಲು ತಟ್ಟಿದ ಅಪರಿಚಿತರದು. ಉತ್ತರ ಕಳುಹಿಸಿದ ಮರುಕ್ಷಣವೇ ಸರ್ವರ್ ಕೇಳಿದವರನ್ನು ಮರೆತುಬಿಡುತ್ತದೆ. ಸರ್ವರ್ ಬದಿಯ ಪ್ರೋಗ್ರಾಮಿಂಗಿನಲ್ಲಿ ಕಲಿಯಬೇಕಾದ ಬಹುಪಾಲು ಸಂಗತಿಗಳು ಈ ಮರೆವನ್ನು ನಿಭಾಯಿಸುವ ಉಪಾಯಗಳೇ ಆಗಿವೆ. ಆದ್ದರಿಂದ ಫ್ರೇಮ್‌ವರ್ಕಿನ, ಅಂದರೆ ತಾಣ ಕಟ್ಟಲು ಬೇಕಾದ ಸಿದ್ಧ ಸಾಮಗ್ರಿಯ ಕಟ್ಟಿನ, ಮಾತನ್ನು ಕೊನೆಗೆ ಇಟ್ಟುಕೊಂಡು, ಗುಂಡಿ ಒತ್ತಿದ ಗಳಿಗೆಯಿಂದಲೇ ಶುರು ಮಾಡುತ್ತೇನೆ.

ಬ್ರೌಸರ್ ಮೊದಲು ತಾಣದ ಹೆಸರನ್ನು ಡಿಎನ್‌ಎಸ್ ಮೂಲಕ ಐಪಿ ವಿಳಾಸವಾಗಿ ಬದಲಿಸಿಕೊಳ್ಳುತ್ತದೆ, ಆ ವಿಳಾಸದ 443ನೇ ಪೋರ್ಟಿಗೆ (ಪೋರ್ಟ್ ಎಂದರೆ ಒಂದೇ ಯಂತ್ರದ ಹಲವು ಬಾಗಿಲುಗಳಲ್ಲಿ ಒಂದು) ಟಿಸಿಪಿ ಸಂಪರ್ಕ ಸಾಧಿಸುತ್ತದೆ, ಮಾತುಕತೆ ಗುಪ್ತವಾಗಿರಲೆಂದು ಟಿಎಲ್‌ಎಸ್ ಒಪ್ಪಂದವನ್ನು ಮುಗಿಸಿಕೊಳ್ಳುತ್ತದೆ. ಇವೆಲ್ಲ ಆಪರೇಟಿಂಗ್ ಸಿಸ್ಟಂ ಮತ್ತು ವೆಬ್ ಸರ್ವರ್ ನೋಡಿಕೊಳ್ಳುವ ಕೆಲಸಗಳು. ಸದ್ಯಕ್ಕೆ ನೀವು ತಲೆಕೆಡಿಸಿಕೊಳ್ಳಬೇಕಿಲ್ಲ. ನಿಮಗೆ ಬೇಕಾದದ್ದು ಆ ಸಂಪರ್ಕದ ಮೇಲೆ ಹರಿದು ಬರುವ ವಸ್ತು, ಮತ್ತು ಅದು ಬರಿಯ ಬರಹ. ನಿಮ್ಮ ಫಾರ್ಮಿನಲ್ಲಿ 214ನೇ ಪುಸ್ತಕವನ್ನು 57ನೇ ಸದಸ್ಯರು ಕಾಯ್ದಿರಿಸಿದರು ಎಂದಿಟ್ಟುಕೊಂಡರೆ ಅದು ಹೆಚ್ಚುಕಡಿಮೆ ಹೀಗಿರುತ್ತದೆ. ವಾಸ್ತವದಲ್ಲಿ ಇದು ರೋಮನ್ ಅಕ್ಷರಗಳಲ್ಲಿರುತ್ತದೆ. ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ.

ಪೋಸ್ಟ್ /ರಿಸರ್ವ್ ಎಚ್‌ಟಿಟಿಪಿ/1.1
ಹೋಸ್ಟ್: ಲೋಕಲ್‌ಹೋಸ್ಟ್:8000
ಕಂಟೆಂಟ್-ಲೆಂಗ್ತ್: 18

ಬುಕ್=214&ಮೆಂಬರ್=57

ಮೊದಲ ಸಾಲಿನಲ್ಲಿ ಮೂರು ತುಂಡುಗಳಿವೆ: ಏನು ಮಾಡಬೇಕು, ಯಾವುದರ ಮೇಲೆ ಮಾಡಬೇಕು, ಯಾವ ಆವೃತ್ತಿಯ ಭಾಷೆಯಲ್ಲಿ ಮಾತಾಡುತ್ತಿದ್ದೇವೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಈ ಭಾಷೆಯ ಹೆಸರೇ ಎಚ್‌ಟಿಟಿಪಿ. ಅದರ ಕೆಳಗಿನ ಸಾಲುಗಳು ಹೆಡರ್‌ಗಳು. ನಿಜವಾದ ಬ್ರೌಸರ್ ಇಂಥವನ್ನು ಹತ್ತಾರು ಕಳುಹಿಸುತ್ತದೆ. ಆಮೇಲೆ ಒಂದು ಖಾಲಿ ಸಾಲು. ಈ ಖಾಲಿ ಸಾಲು ಅಲಂಕಾರಕ್ಕೆ ಇರುವುದಲ್ಲ, ಹೆಡರ್‌ಗಳು ಇಲ್ಲಿಗೆ ಮುಗಿದವು ಎಂಬುದಕ್ಕೆ ಅದೊಂದೇ ಗುರುತು. ಅದರ ಕೆಳಗಿರುವುದು ಬಾಡಿ, ಅಂದರೆ ನಿಮ್ಮ ಫಾರ್ಮಿನ ವಿವರ. ರೋಮನ್ ಅಕ್ಷರಗಳಲ್ಲಿ ಎಣಿಸಿದರೆ ಸರಿಯಾಗಿ 18 ಬೈಟ್ ಆಗುತ್ತದೆ. 2015ರಲ್ಲಿ ಬಂದ ಎಚ್‌ಟಿಟಿಪಿ/2 ಮತ್ತು ಅದರ ನಂತರದ ಎಚ್‌ಟಿಟಿಪಿ/3 ಇದೇ ವಿಷಯವನ್ನು ಬೈನರಿ ರೂಪಕ್ಕೆ ಅಡಕಮಾಡಿ ಕಳುಹಿಸುತ್ತವೆ, ಆದರೆ ಹೇಳುವ ಮಾತು ಬದಲಾಗಿಲ್ಲ.

ಇದನ್ನು ಓದಿ ನಂಬುವುದಕ್ಕಿಂತ ಕಣ್ಣಾರೆ ನೋಡುವುದು ಒಳ್ಳೆಯದು. ನೆಟ್‌ವರ್ಕ್ ಸಂಪರ್ಕದ ಮೇಲೆ ನೇರವಾಗಿ ಬೈಟ್‌ಗಳನ್ನು ಕಳುಹಿಸಲು, ಪಡೆಯಲು ಪೈಥಾನಿನ ಜೊತೆಗೇ ಬರುವ ಸಾಕೆಟ್ ಮಾಡ್ಯೂಲನ್ನು ಬಳಸಿ ಹದಿನೈದು ಸಾಲಿನ ಒಂದು ಪ್ರೋಗ್ರಾಂ ಬರೆಯಿರಿ: 8000ನೇ ಪೋರ್ಟಿನಲ್ಲಿ ಕಾದು ಕೂರಬೇಕು, ಯಾರಾದರೂ ಬಂದರೆ ಅವರು ಕಳುಹಿಸಿದ್ದನ್ನು ಹಾಗೆಯೇ ಪರದೆಯ ಮೇಲೆ ಪ್ರಿಂಟ್ ಮಾಡಬೇಕು, ಒಂದು ಸಾಲಿನ ಉತ್ತರ ಕೊಟ್ಟು ಬಾಗಿಲು ಮುಚ್ಚಿ, ಮುಂದಿನವರಿಗಾಗಿ ಮತ್ತೆ ಕಾಯಬೇಕು. ಈಗ ನಿಮ್ಮ ಫಾರ್ಮಿನ ಆಕ್ಷನ್ ವಿಳಾಸವನ್ನು ಆ ಪೋರ್ಟಿಗೆ ತಿರುಗಿಸಿ ಗುಂಡಿ ಒತ್ತಿ. ಬ್ರೌಸರ್ ಕಳುಹಿಸಿದ ಪತ್ರ ಇಡಿಯಾಗಿ ನಿಮ್ಮ ಎದುರಿಗೆ ಬಂದು ಬೀಳುತ್ತದೆ. ಅದರ ಬೆನ್ನಿಗೇ ನೀವು ಕೇಳದ ಇನ್ನೊಂದು ಕೋರಿಕೆಯೂ ಬಂದರೆ ಗಾಬರಿಯಾಗಬೇಡಿ; ಟ್ಯಾಬಿನ ಮೂಲೆಯಲ್ಲಿ ತೋರಿಸುವ ಪುಟ್ಟ ಚಿತ್ರವನ್ನು ಬ್ರೌಸರ್ ತಾನಾಗಿಯೇ ಕೇಳುತ್ತದೆ. ಕೆಲವೊಮ್ಮೆ ಪತ್ರದ ಅರ್ಧ ಮಾತ್ರ ಬಂದಿರುವುದೂ ಉಂಟು, ಏಕೆಂದರೆ ಟಿಸಿಪಿ ಬೈಟ್‌ಗಳನ್ನು ಸಾಲಾಗಿ ತಲುಪಿಸುತ್ತದೆಯೇ ಹೊರತು ಒಂದು ಪತ್ರ ಎಲ್ಲಿಗೆ ಮುಗಿಯಿತೆಂದು ಹೇಳುವುದಿಲ್ಲ. ಬಾಡಿಯ ಉದ್ದವನ್ನು ಬೈಟ್‌ಗಳಲ್ಲಿ ಹೇಳುವ ಕಂಟೆಂಟ್-ಲೆಂಗ್ತ್ ಎಂಬ ಹೆಡರ್ ಏಕೆ ಬೇಕೆಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಆ ಹೆಡರಿನ ಬಗ್ಗೆ ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಗಳಿಗೆ ನಿಂತು ಯೋಚಿಸಬೇಕು. ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಶಾಲೆಯ ಮಕ್ಕಳನ್ನು ಕೇಳಿದರೆ ಮೂರು ಅಕ್ಷರ ಎನ್ನುತ್ತಾರೆ. ಪೈಥಾನನ್ನು ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಯುನಿಕೋಡಿನಲ್ಲಿ ಕ, ನ, ಒತ್ತಕ್ಷರ ಮಾಡುವ ಹಲಂತ, ಮತ್ತೊಂದು ನ, ಡ ಎಂದು ಐದು ಘಟಕಗಳಿವೆ. ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಲ್ಲಿನ ಒಂದೊಂದು ಘಟಕಕ್ಕೂ ಮೂರು ಬೈಟ್ ಬೇಕಾದ್ದರಿಂದ ತಂತಿಯ ಮೇಲೆ ಹೋಗುವುದು 15 ಬೈಟ್. ಅದನ್ನೇ ಫಾರ್ಮಿನ ಮೂಲಕ ಕಳುಹಿಸಿದರೆ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳ ರೂಪ ತಾಳಿ 45 ಚಿಹ್ನೆಗಳಾಗುತ್ತದೆ. ಹಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಕಡೆ ಕನ್ನಡದ ಪುಟಗಳು ಮಾತ್ರ ಅರ್ಧದಲ್ಲೇ ಕಡಿದುಹೋಗುತ್ತಿದ್ದವು, ಇಂಗ್ಲಿಷ್ ಪುಟಗಳು ಸರಿಯಾಗಿದ್ದವು. ಎರಡು ದಿನ ನೆಟ್‌ವರ್ಕನ್ನು ಬೈದು, ಕೇಬಲ್ ಬದಲಿಸಿ, ಕೊನೆಗೆ ನೋಡಿದರೆ ಕಂಟೆಂಟ್-ಲೆಂಗ್ತ್‌ನಲ್ಲಿ ಬೈಟ್‌ಗಳ ಬದಲು ಯುನಿಕೋಡ್ ಘಟಕಗಳ ಎಣಿಕೆ ಬರೆದಿದ್ದರು, ಆ ಸಾಲು ಬರೆದವನು ನಾನೇ. ಬ್ರೌಸರ್ ತನಗೆ ಹೇಳಿದಷ್ಟನ್ನೇ ಓದಿಕೊಂಡು ಪುಟ ಮುಗಿಯಿತೆಂದು ತಿಳಿಯುತ್ತಿತ್ತು. ಇಂದಿನ ಫ್ರೇಮ್‌ವರ್ಕ್‌ಗಳು ಈ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತವೆ. ಆದರೂ ಸಾಕೆಟ್ ಪ್ರಯೋಗದಲ್ಲಿ ನೀವು ಕನ್ನಡದಲ್ಲಿ ಉತ್ತರ ಕೊಡುವಾಗ ಮೊದಲು ಬೈಟ್‌ಗಳಾಗಿ ಎನ್‌ಕೋಡ್ ಮಾಡಿ, ಆಮೇಲೆ ಉದ್ದ ಎಣಿಸಿ.

ಮೊದಲ ಸಾಲಿನ ಮೊದಲ ಪದಕ್ಕೆ ಮರಳೋಣ. ಗೆಟ್ ಎಂದರೆ ತೋರಿಸು, ಪೋಸ್ಟ್ ಎಂದರೆ ಇದನ್ನು ತೆಗೆದುಕೊಂಡು ಕೆಲಸ ಮಾಡು. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಎಚ್‌ಟಿಟಿಪಿಯ ಮೊದಲ ಆವೃತ್ತಿಯಲ್ಲಿ ಗೆಟ್ ಒಂದೇ ಇತ್ತು. ಆಗ ವೆಬ್ ಎಂದರೆ ದಾಖಲೆಗಳನ್ನು ಓದುವ ಏರ್ಪಾಡು. ಗೆಟ್ ಕೋರಿಕೆಯಿಂದ ಸರ್ವರಿನಲ್ಲಿರುವ ಯಾವ ದತ್ತಾಂಶವೂ ಬದಲಾಗಬಾರದು ಎಂಬುದು ನಿಯಮ, ಮತ್ತು ಅನೇಕರು ಇದನ್ನು ಬರಿಯ ಶಿಷ್ಟಾಚಾರವೆಂದು ತಿಳಿದು ‘ಅಳಿಸು’ ಎಂಬುದನ್ನೂ ಸಾಮಾನ್ಯ ಕೊಂಡಿಯಾಗಿ ಇಟ್ಟುಬಿಡುತ್ತಾರೆ. 2005ರಲ್ಲಿ ಗೂಗಲ್ ಸಂಸ್ಥೆ ವೆಬ್ ಆಕ್ಸೆಲರೇಟರ್ ಎಂಬ ತಂತ್ರಾಂಶವನ್ನು ಬಿಟ್ಟಿತು. ಓದುಗರು ಮುಂದೆ ಒತ್ತಬಹುದಾದ ಕೊಂಡಿಗಳನ್ನು ಅದು ಮೊದಲೇ ತೆರೆದು ಪುಟಗಳನ್ನು ತಂದಿಟ್ಟುಕೊಳ್ಳುತ್ತಿತ್ತು. ‘ಅಳಿಸು’ ಎಂಬ ಕೊಂಡಿಯಿದ್ದ ತಾಣಗಳಲ್ಲಿ ಅದನ್ನೂ ತೆರೆಯಿತು. ಬಳಕೆದಾರರು ಏನೂ ಒತ್ತದೆಯೇ ಅವರ ವಿವರಗಳು ಅಳಿಸಿಹೋದವು. ನಿಮ್ಮ ವಾಚನಾಲಯದಲ್ಲಿ ಪುಸ್ತಕ ಹುಡುಕುವುದು ಗೆಟ್ ಆಗಿರಲಿ, ಕಾಯ್ದಿರಿಸುವುದೂ ರದ್ದುಮಾಡುವುದೂ ಪೋಸ್ಟ್ ಆಗಿರಲಿ.

ಈಗ ಪತ್ರ ಸರ್ವರಿಗೆ ಬಂದಾಯಿತು. ಅದು ನಿಮ್ಮ ಪ್ರೋಗ್ರಾಮಿಗೆ ತಲುಪುವ ಅತ್ಯಂತ ಹಳೆಯ, ಅತ್ಯಂತ ಸರಳವಾದ ದಾರಿ ಸಿಜಿಐ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ 1993ರಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ವೆಬ್ ಸರ್ವರ್ ಪ್ರತಿ ಕೋರಿಕೆಗೂ ನಿಮ್ಮ ಪ್ರೋಗ್ರಾಮನ್ನು ಹೊಸದಾಗಿ ಎಬ್ಬಿಸುತ್ತದೆ. ಪೋಸ್ಟ್ ಬಂತೋ ಗೆಟ್ ಬಂತೋ, ಯಾವ ವಿಳಾಸಕ್ಕೆ ಬಂತು ಎಂಬುದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ, ಅಂದರೆ ಪ್ರೋಗ್ರಾಂ ಶುರುವಾಗುವಾಗ ಹೊರಗಿನಿಂದ ಕೊಡುವ ಹೆಸರು-ಬೆಲೆಯ ಜೋಡಿಗಳಲ್ಲಿ, ಇಟ್ಟುಕೊಡುತ್ತದೆ. ಫಾರ್ಮಿನ ವಿವರವನ್ನು ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ, ಅಂದರೆ ಕೀಬೋರ್ಡಿನಿಂದ ಬಂದಂತೆಯೇ, ಒಳಗೆ ಬಿಡುತ್ತದೆ. ನೀವು ಪ್ರಿಂಟ್ ಮಾಡಿದ್ದನ್ನು ಎತ್ತಿ ಬ್ರೌಸರಿಗೆ ಕಳುಹಿಸುತ್ತದೆ. ಅಂದರೆ ಈಗಾಗಲೇ ನೀವು ಬರೆಯಬಲ್ಲ ಪ್ರೋಗ್ರಾಮೇ ಇದು. ಈ ಪದ್ಧತಿಯಲ್ಲಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು: ಹತ್ತು ಜನ ಒತ್ತಿದರೆ ಹತ್ತು ಸಲ ಓಡುತ್ತದೆ, ಹತ್ತೂ ಬೇರೆ ಬೇರೆ ಪ್ರಾಸೆಸ್‌ಗಳಾಗಿ, ಅಂದರೆ ಪ್ರೋಗ್ರಾಮಿನ ಓಡುತ್ತಿರುವ ಬೇರೆ ಬೇರೆ ಪ್ರತಿಗಳಾಗಿ. ಹಳೆಯ ಪಾಠಗಳಲ್ಲಿ ಇದಕ್ಕಾಗಿ ಪೈಥಾನಿನ ಸಿಜಿಐ ಮಾಡ್ಯೂಲ್ ಬಳಸಲು ಹೇಳಿರುತ್ತಾರೆ, 3.13ನೇ ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದಾರೆ, ಹಾಗಾಗಿ ಅಂಥ ಪಾಠ ಸಿಕ್ಕರೆ ವಿಷಯವನ್ನಷ್ಟೇ ತಿಳಿದುಕೊಂಡು ಮುಂದೆ ಹೋಗಿ.

ಸಿಜಿಐನ ತೊಂದರೆ ಊಹಿಸಲು ಕಷ್ಟವಿಲ್ಲ. ಹತ್ತು ಮಿಲಿಸೆಕೆಂಡಿನ ಕೆಲಸಕ್ಕಾಗಿ ಪೈಥಾನನ್ನು ಎಬ್ಬಿಸಿ, ಮಾಡ್ಯೂಲ್‌ಗಳನ್ನೆಲ್ಲ ತುಂಬಿಸಿ, ಡೇಟಾಬೇಸಿಗೆ ಹೊಸ ಸಂಪರ್ಕ ಪಡೆದು, ಮುಗಿದ ಮೇಲೆ ಎಲ್ಲವನ್ನೂ ಎಸೆಯುವುದೆಂದರೆ ಒಂದು ಲೋಟ ಕಾಫಿಗಾಗಿ ಪ್ರತಿ ಸಲವೂ ಒಲೆ ಹೂಡಿ ಹಚ್ಚಿದ ಹಾಗೆ. ಆದ್ದರಿಂದ ಪ್ರೋಗ್ರಾಮನ್ನು ಒಮ್ಮೆ ಎಬ್ಬಿಸಿ ಹಾಗೆಯೇ ಕೂರಿಸಿಟ್ಟು, ಕೋರಿಕೆ ಬಂದಾಗಲೆಲ್ಲ ಅದರೊಳಗಿನ ಒಂದು ಫಂಕ್ಷನ್ನನ್ನು ಮಾತ್ರ ಕರೆಯುವ ಪದ್ಧತಿ ಬಂತು. ಪೈಥಾನಿನಲ್ಲಿ ಈ ಕರೆ ಹೇಗಿರಬೇಕೆಂಬ ಒಪ್ಪಂದಕ್ಕೆ ಡಬ್ಲ್ಯುಎಸ್‌ಜಿಐ ಎಂದು ಹೆಸರು. ಅದರ ಮೊದಲ ಕರಡು 2003ರದು. ಆ ಫಂಕ್ಷನ್ನಿಗೆ ಕೊಡುವ ಡಿಕ್ಷನರಿಯನ್ನು ಒಮ್ಮೆ ಪ್ರಿಂಟ್ ಮಾಡಿ ನೋಡಿದರೆ ಸಿಜಿಐ ಕಾಲದ ಅದೇ ವೇರಿಯಬಲ್ ಹೆಸರುಗಳು ಕಾಣಸಿಗುತ್ತವೆ. ಮನೆ ಬದಲಾದರೂ ಪಾತ್ರೆಗಳು ಹಳೆಯವೇ.

ಹೀಗೆ ಕೂರಿಸಿಟ್ಟ ಪ್ರಾಸೆಸ್ಸಿಗೆ ವರ್ಕರ್ ಎನ್ನುತ್ತಾರೆ. ಸಾಮಾನ್ಯವಾಗಿ ಮುಂಬಾಗಿಲಿನಲ್ಲಿ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ಇರುತ್ತದೆ, ಚಿತ್ರ ಮತ್ತು ಸ್ಟೈಲ್ ಫೈಲುಗಳನ್ನು ಅದೇ ಕೊಟ್ಟು ಕಳುಹಿಸುತ್ತದೆ, ಪ್ರೋಗ್ರಾಂ ಬೇಕಾದ ಕೋರಿಕೆಗಳನ್ನು ಮಾತ್ರ ಹಿಂದೆ ಕುಳಿತ ಗುನಿಕಾರ್ನ್‌ನಂಥ ಆ್ಯಪ್ ಸರ್ವರಿಗೆ ದಾಟಿಸುತ್ತದೆ, ಅದು ಬಿಡುವಾಗಿರುವ ವರ್ಕರಿಗೆ ಒಪ್ಪಿಸುತ್ತದೆ. ನಾಲ್ಕು ವರ್ಕರ್‌ಗಳಿದ್ದು ಪ್ರತಿ ಕೋರಿಕೆಗೂ 50 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 80 ಕೋರಿಕೆಗಳನ್ನು ಪೂರೈಸಬಹುದು. ಒಂದೂರಿನ ವಾಚನಾಲಯಕ್ಕೆ ಇದು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ನೀವು ಕಾಯ್ದಿರಿಸಿದ ಕೂಡಲೇ ಸದಸ್ಯರಿಗೆ ಎಸ್ಸೆಮ್ಮೆಸ್ ಕಳುಹಿಸಲು ಹೊರಟು, ಆ ಎಸ್ಸೆಮ್ಮೆಸ್ ಸೇವೆ ಐದು ಸೆಕೆಂಡ್ ತಡಮಾಡಿದರೆ, ಆ ಐದು ಸೆಕೆಂಡೂ ಒಬ್ಬ ವರ್ಕರ್ ಕೈಕಟ್ಟಿ ನಿಂತಿರುತ್ತಾನೆ. ನಾಲ್ಕು ಜನ ಹಾಗೆ ಸಿಕ್ಕಿಬಿದ್ದರೆ ಐದನೆಯವರಿಗೆ ಬರಿಯ ಪುಸ್ತಕಪಟ್ಟಿ ನೋಡಲೂ ಆಗುವುದಿಲ್ಲ, ಡೇಟಾಬೇಸ್ ಮಾತ್ರ ಆರಾಮವಾಗಿ ಕುಳಿತಿರುತ್ತದೆ. ತಾಣ ನಿಧಾನವಾಗಿದೆ ಎಂಬ ದೂರು ಬಂದಾಗ ನಾನು ಮೊದಲು ಹುಡುಕುವುದು ಇಂಥ ಕಾಯುವಿಕೆಯನ್ನೇ. ಎಸ್ಸೆಮ್ಮೆಸ್, ಇಮೇಲ್, ಪಿಡಿಎಫ್ ತಯಾರಿಕೆ ಇಂಥವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಬೇರೊಂದು ಪ್ರೋಗ್ರಾಂ ಅದನ್ನು ನಿಧಾನವಾಗಿ ಮಾಡಿ ಮುಗಿಸುವಂತೆ ಬಿಡಬೇಕು.

ಕಾಯುವ ಹೊತ್ತಿನಲ್ಲಿ ಸುಮ್ಮನಿರದೆ ಬೇರೆ ಕೋರಿಕೆಗಳನ್ನು ನೋಡಿಕೊಳ್ಳುವ ಇನ್ನೊಂದು ವಿಧಾನವೂ ಇದೆ. 2004ರಲ್ಲಿ ಬಿಡುಗಡೆಯಾದ ಎಂಜಿನ್‌ಎಕ್ಸ್ ಆಗಲಿ, ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸಲು 2009ರಲ್ಲಿ ಬಂದ ನೋಡ್ ಜೆಎಸ್ ಆಗಲಿ ಈ ದಾರಿ ಹಿಡಿದವು. ಒಂದೇ ಥ್ರೆಡ್, ಅಂದರೆ ಪ್ರಾಸೆಸ್ಸಿನೊಳಗೆ ಓಡುವ ಕೆಲಸದ ಒಂದು ಎಳೆ, ಸಾವಿರಾರು ಸಂಪರ್ಕಗಳ ಮೇಲೆ ಕಣ್ಣಿಟ್ಟು, ಯಾವುದರಲ್ಲಿ ಮಾತು ಬಂತೋ ಅತ್ತ ತಿರುಗುತ್ತದೆ. ಇದು ಬಲವಾದ ವಿಧಾನವೇ ಸರಿ, ಆದರೆ ಒಂದು ಕೋರಿಕೆಯಲ್ಲಿ ಭಾರಿ ಲೆಕ್ಕ ಹಾಕುತ್ತ ಕುಳಿತರೆ ಉಳಿದ ಸಾವಿರವೂ ನಿಲ್ಲುತ್ತವೆ. ನಿಮ್ಮ ಮೊದಲ ತಾಣಕ್ಕೆ ಇದರ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ವರ್ಕರ್‌ಗಳ ವಿಷಯ ತಿಳಿದ ಮೇಲೆ ಹೊಸಬರು ತಪ್ಪದೆ ಬೀಳುವ ಒಂದು ಹಳ್ಳದ ಬಗ್ಗೆ ಹೇಳಬೇಕು. ಪ್ರೋಗ್ರಾಂ ಈಗ ಮುಗಿಯದೆ ಕುಳಿತೇ ಇರುತ್ತದೆಯಲ್ಲ, ಹಾಗಾದರೆ ಲಾಗಿನ್ ಆದವರ ಹೆಸರನ್ನು ಒಂದು ಗ್ಲೋಬಲ್ ಲಿಸ್ಟಿನಲ್ಲಿ ಇಟ್ಟುಕೊಂಡರಾಯಿತು ಎಂದು ತೋರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಏಕೆಂದರೆ ಅಲ್ಲಿರುವುದು ಒಂದೇ ಪ್ರಾಸೆಸ್, ಬಳಸುವವರೂ ನೀವೊಬ್ಬರೇ. ತಾಣವನ್ನು ಸರ್ವರಿಗೆ ಏರಿಸಿ ನಾಲ್ಕು ವರ್ಕರ್ ಇಟ್ಟ ದಿನ ದೂರುಗಳು ಶುರುವಾಗುತ್ತವೆ: ಒಮ್ಮೆ ಒಳಗೆ ಬಿಡುತ್ತದೆ, ಮರುಪುಟದಲ್ಲಿ ಮತ್ತೆ ಲಾಗಿನ್ ಕೇಳುತ್ತದೆ, ರಿಫ್ರೆಶ್ ಮಾಡಿದರೆ ಮತ್ತೆ ಒಳಗೆ ಬಿಡುತ್ತದೆ. ಲಾಗಿನ್ ಕೋರಿಕೆ ಒಂದನೇ ವರ್ಕರಿಗೆ ಹೋಗಿ ಮುಂದಿನದು ಮೂರನೆಯದಕ್ಕೆ ಹೋದರೆ, ಮೂರನೆಯದರ ಲಿಸ್ಟಿನಲ್ಲಿ ಆ ಹೆಸರೇ ಇರುವುದಿಲ್ಲ. ‘ಈಗಿನ ಬಳಕೆದಾರ’ ಎಂದು ಒಂದೇ ಗ್ಲೋಬಲ್ ವೇರಿಯಬಲ್ ಇಟ್ಟವರ ಪಾಡು ಇನ್ನೂ ಕಷ್ಟ: ಒಂದೇ ಪ್ರಾಸೆಸ್ಸಿನಲ್ಲಿ ಹಲವು ಥ್ರೆಡ್‌ಗಳಿದ್ದರೆ ಒಬ್ಬರ ಪುಟ ಇನ್ನೊಬ್ಬರಿಗೆ ಕಾಣುತ್ತದೆ. ಈ ವಿಷಯದಲ್ಲಿ ಪಿಎಚ್‌ಪಿ ಮೆಚ್ಚಬೇಕಾದ ಭಾಷೆ. 1995ರಲ್ಲಿ ರಾಸ್ಮಸ್ ಲರ್ಡಾರ್ಫ್ ಅವರು ಹೊರತಂದ ಈ ಭಾಷೆಯಲ್ಲಿ ಸಾಮಾನ್ಯವಾಗಿ ಪ್ರತಿ ಕೋರಿಕೆಯ ಕೊನೆಗೂ ವೇರಿಯಬಲ್‌ಗಳೆಲ್ಲ ಅಳಿಸಿಹೋಗುತ್ತವೆ. ಮರೆವನ್ನು ಅದು ಮುಚ್ಚಿಡುವುದಿಲ್ಲವಾದ್ದರಿಂದ ಇಂಥ ಭ್ರಮೆಗೆ ಅಲ್ಲಿ ಜಾಗವೇ ಇಲ್ಲ. ಕೋರಿಕೆಯಿಂದ ಕೋರಿಕೆಗೆ ಉಳಿಯಬೇಕಾದದ್ದೆಲ್ಲ ಡೇಟಾಬೇಸಿನಲ್ಲೋ ವರ್ಕರ್‌ಗಳೆಲ್ಲರೂ ಮುಟ್ಟಬಲ್ಲ ಇನ್ನೊಂದು ಉಗ್ರಾಣದಲ್ಲೋ ಇರಬೇಕು.

ಇನ್ನು ಗುರುತು ಹಿಡಿಯುವ ಪ್ರಶ್ನೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡನ್ನು ನೆನಪಿಸಿಕೊಳ್ಳಿ. ಅಲ್ಲಿ ಕುಳಿತವರು ಸಾವಿರ ಜನರ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ನಿಮ್ಮ ಚಪ್ಪಲಿಯನ್ನು ಒಂದು ಗೂಡಿನಲ್ಲಿಟ್ಟು ಅದರ ಸಂಖ್ಯೆಯ ಟೋಕನ್ ಕೊಡುತ್ತಾರೆ. ಮರಳಿ ಬಂದಾಗ ಟೋಕನ್ ನೋಡಿ ಗೂಡಿಗೆ ಕೈಹಾಕುತ್ತಾರೆ. ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಅವರು 1994ರಲ್ಲಿ ರೂಪಿಸಿದ ಕುಕಿ ಈ ಟೋಕನ್ನೇ. ಸದಸ್ಯರ ಪಾಸ್‌ವರ್ಡ್ ಸರಿಯಾಗಿದ್ದರೆ ನಿಮ್ಮ ಪ್ರೋಗ್ರಾಂ ಒಂದು ಗುರುತುಸಂಖ್ಯೆ ಮಾಡಿ, ‘ಈ ಸಂಖ್ಯೆ ಎಂದರೆ 57ನೇ ಸದಸ್ಯರು’ ಎಂದು ಡೇಟಾಬೇಸಿನ ಸೆಷನ್ (ಲಾಗಿನ್‌ನಿಂದ ಲಾಗೌಟ್‌ವರೆಗಿನ ಒಂದು ಭೇಟಿ) ಕೋಷ್ಟಕದಲ್ಲಿ ಬರೆದುಕೊಂಡು, ಆ ಸಂಖ್ಯೆಯನ್ನು ಸೆಟ್-ಕುಕಿ ಎಂಬ ಹೆಡರಿನಲ್ಲಿ ಬ್ರೌಸರಿಗೆ ಕಳುಹಿಸುತ್ತದೆ. ಅಂದಿನಿಂದ ಬ್ರೌಸರ್ ಆ ತಾಣಕ್ಕೆ ಹೋಗುವ ಪ್ರತಿ ಕೋರಿಕೆಯ ಜೊತೆಗೂ ಕುಕಿ ಎಂಬ ಹೆಡರಿನಲ್ಲಿ ಅದನ್ನು ತೋರಿಸುತ್ತದೆ. ಯಾವ ವರ್ಕರಿಗೆ ಹೋದರೂ ಚಿಂತೆಯಿಲ್ಲ, ಕೋಷ್ಟಕ ಎಲ್ಲರಿಗೂ ಒಂದೇ. ಲಾಗೌಟ್ ಎಂದರೆ ಕೋಷ್ಟಕದ ಆ ಸಾಲನ್ನು ಅಳಿಸುವುದು. ಬ್ರೌಸರಿನಲ್ಲಿರುವ ಕುಕಿಯನ್ನು ಮಾತ್ರ ಅಳಿಸಿದರೆ ಅದು ಅರ್ಧ ಕೆಲಸ.

ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಯಾರು ತೋರಿಸಿದರೂ ಚಪ್ಪಲಿ ಕೊಡುತ್ತಾರೆ, ಇಲ್ಲಿಯೂ ಹಾಗೆಯೇ, ಮತ್ತು ಇಲ್ಲಿ ಟೋಕನ್ ತಯಾರಿಸಿಕೊಳ್ಳುವುದು ಕಳ್ಳರಿಗೆ ಸುಲಭ. ಆದ್ದರಿಂದ ಸಂಖ್ಯೆ 1, 2, 3 ಎಂದು ಸಾಲಾಗಿ ಇರಲೇಬಾರದು. ಊಹೆಗೆ ನಿಲುಕದಷ್ಟು ಉದ್ದವಾದ, ಯಾದೃಚ್ಛಿಕವಾದ ಗುರುತು ಬೇಕು. ಪೈಥಾನಿನ ಸೀಕ್ರೆಟ್ಸ್ ಮಾಡ್ಯೂಲ್ ಇದಕ್ಕೆಂದೇ ಇರುವುದು; ಆಟಗಳಿಗೆ ಬಳಸುವ ರ‍್ಯಾಂಡಮ್ ಮಾಡ್ಯೂಲನ್ನು ಇಲ್ಲಿ ಬಳಸಬೇಡಿ. ಕುಕಿಗೆ ಸೆಕ್ಯೂರ್ ಎಂಬ ಗುರುತು ಹಾಕಿದರೆ ಅದು ಗುಪ್ತ ಸಂಪರ್ಕದಲ್ಲಿ ಮಾತ್ರ ಹೋಗುತ್ತದೆ, ಎಚ್‌ಟಿಟಿಪಿ-ಓನ್ಲಿ ಎಂದು ಹಾಕಿದರೆ ಪುಟದೊಳಗಿನ ಜಾವಾಸ್ಕ್ರಿಪ್ಟಿಗೆ ಕಾಣುವುದಿಲ್ಲ. ಎರಡನ್ನೂ ಹಾಕಿ. ಪಾಸ್‌ವರ್ಡನ್ನು ಇದ್ದಂತೆಯೇ ಎಲ್ಲಿಯೂ ಉಳಿಸಬಾರದು, ಆರ್ಗಾನ್2 ಅಥವಾ ಬಿಕ್ರಿಪ್ಟ್‌ನಂಥ ವಿಧಾನದಿಂದ ಹ್ಯಾಶ್ ಮಾಡಿ, ಅಂದರೆ ಮರಳಿ ಬಿಡಿಸಲಾಗದ ರೂಪಕ್ಕೆ ತಿರುಗಿಸಿ, ಇಡಬೇಕು ಎಂಬುದನ್ನು ನೀವು ತರಗತಿಯಲ್ಲಿ ಕೇಳಿರುತ್ತೀರಿ.

ಈಗ ಮೇಲೆ ಬರೆದ ಕೋರಿಕೆಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಮೆಂಬರ್=57 ಎಂದಿದೆ. ಇದು ನಿಮ್ಮ ಫಾರ್ಮಿನ ದೋಷ. ಸದಸ್ಯರ ಸಂಖ್ಯೆಯನ್ನು ನೀವು ಕಾಣದ ಹಿಡನ್ ಫೀಲ್ಡಿನಲ್ಲಿ ಇಟ್ಟಿದ್ದರೂ, ಅದು ಬ್ರೌಸರಿನಿಂದ ಬರುವ ಬರಹ. ನೀವು ಸಾಕೆಟ್ ಬಳಸಿ ಕೋರಿಕೆ ಓದಿದಷ್ಟೇ ಸುಲಭವಾಗಿ ಯಾರಾದರೂ ಸಾಕೆಟ್ ಬಳಸಿ 58 ಎಂದು ಬರೆದು ಕಳುಹಿಸಬಹುದು. ಪಕ್ಕದ ಮನೆಯವರ ಹೆಸರಿನಲ್ಲಿ ಪುಸ್ತಕ ಕಾಯ್ದಿರಿಸಿದರೆ ಹೆಚ್ಚಿನ ಅನಾಹುತವಿಲ್ಲ, ಬ್ಯಾಂಕಿನಲ್ಲಾದರೆ ಕಥೆ ಬೇರೆ. ಯಾರು ಎಂಬುದನ್ನು ಸೆಷನ್ನಿನಿಂದ ತಿಳಿದುಕೊಳ್ಳಬೇಕು, ಫಾರ್ಮಿನಿಂದಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಮಾಡಿದ ತಪಾಸಣೆಗಳೂ ಬಳಕೆದಾರರ ಅನುಕೂಲಕ್ಕಷ್ಟೇ. ಅವೆಲ್ಲವನ್ನೂ ಸರ್ವರಿನಲ್ಲಿ ಮತ್ತೆ ಮಾಡಬೇಕಾಗುತ್ತದೆ.

ಬಂದ ಬರಹವನ್ನು ಡೇಟಾಬೇಸಿಗೆ ಕೊಡುವಾಗಿನ ಎಚ್ಚರವೂ ಇದೇ ಜಾತಿಯದು. ಮಂಗಳೂರಿನ ಕಡೆಯ ಬಳಕೆದಾರರಿರುವ ತಾಣಗಳಲ್ಲಿ ಈ ದೋಷ ಬೇಗ ಬಯಲಿಗೆ ಬರುತ್ತದೆ ಎಂದು ನಾವು ತಮಾಷೆ ಮಾಡುವುದಿದೆ: ಡಿಸೋಜ ಎಂಬ ಕುಲನಾಮವನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಡಿ ಅಕ್ಷರದ ನಂತರ ಒಂದು ಒಂಟಿ ಉದ್ಧರಣ ಚಿಹ್ನೆ ಬರುತ್ತದೆ. ಹೆಸರನ್ನು ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯುಎಲ್ ವಾಕ್ಯದೊಳಗೆ ಸ್ಟ್ರಿಂಗ್ ಜೋಡಿಸಿ ಸೇರಿಸಿದ್ದರೆ ಆ ಚಿಹ್ನೆ ವಾಕ್ಯದ ಉದ್ಧರಣವನ್ನೇ ಮುಚ್ಚಿಬಿಡುತ್ತದೆ, ಉಳಿದದ್ದು ಅರ್ಥವಾಗದೆ ಡೇಟಾಬೇಸ್ ದೂರು ಹೇಳುತ್ತದೆ, ಪಾಪ ಆ ಸದಸ್ಯರಿಗೆ 500 ಎಂಬ ದೋಷದ ಪುಟ ಕಾಣುತ್ತದೆ. ಅವರು ತಿಳಿಯದೆ ಮಾಡಿದ್ದನ್ನೇ ಕಿಡಿಗೇಡಿಗಳು ತಿಳಿದು ಮಾಡುತ್ತಾರೆ, ಚಿಹ್ನೆಯ ನಂತರ ತಮಗೆ ಬೇಕಾದ ಎಸ್‌ಕ್ಯುಎಲ್ ಆಜ್ಞೆಯನ್ನು ಸೇರಿಸುತ್ತಾರೆ. ವಾಕ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಬೆಲೆಗಳನ್ನು ಪ್ರತ್ಯೇಕವಾಗಿ ಕೊಡುವ ಪದ್ಧತಿಯನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಪುಟದಲ್ಲಿ ತೋರಿಸುವಾಗಲೂ ಅಷ್ಟೆ, ಬಳಕೆದಾರರು ಬರೆದದ್ದು ಎಚ್‌ಟಿಎಂಎಲ್ ಆಗಿ ಕೆಲಸ ಮಾಡದಂತೆ ಎಸ್ಕೇಪ್ ಮಾಡಬೇಕು. ಫ್ರೇಮ್‌ವರ್ಕ್‌ಗಳ ಟೆಂಪ್ಲೇಟ್ ಎಂಜಿನ್‌ಗಳು, ಅಂದರೆ ಪುಟದ ಅಚ್ಚಿನೊಳಗೆ ವಿವರ ತುಂಬುವ ಭಾಗಗಳು, ಸಾಮಾನ್ಯವಾಗಿ ಇದನ್ನು ತಾವೇ ಮಾಡುತ್ತವೆ, ನೀವು ಅದನ್ನು ನಿಲ್ಲಿಸದಿದ್ದರೆ ಸಾಕು.

ನಿಮ್ಮ ತಾಣಕ್ಕೇ ವಿಶೇಷವಾದ ಒಂದು ತೊಡಕು ಇದೆ. 214ನೇ ಪುಸ್ತಕದ ಪ್ರತಿ ಒಂದೇ ಇದೆ, ಇಬ್ಬರು ಒಂದೇ ಗಳಿಗೆಯಲ್ಲಿ ಗುಂಡಿ ಒತ್ತುತ್ತಾರೆ. ‘ಪುಸ್ತಕ ಖಾಲಿ ಇದೆಯೇ ನೋಡು, ಇದ್ದರೆ ಕಾಯ್ದಿರಿಸು’ ಎಂದು ಎರಡು ಹೆಜ್ಜೆಯಲ್ಲಿ ಬರೆದರೆ, ಮೊದಲ ವರ್ಕರ್ ನೋಡಿ ಇದೆ ಎಂದುಕೊಳ್ಳುತ್ತದೆ, ಅದು ಬರೆಯುವ ಮೊದಲೇ ಎರಡನೆಯದೂ ನೋಡಿ ಇದೆ ಎಂದುಕೊಳ್ಳುತ್ತದೆ, ಇಬ್ಬರಿಗೂ ‘ಕಾಯ್ದಿರಿಸಲಾಗಿದೆ’ ಎಂದು ಉತ್ತರ ಹೋಗುತ್ತದೆ. ಪೈಥಾನಿನಲ್ಲಿ ಎಷ್ಟು ಇಫ್ ಹಾಕಿದರೂ ಈ ಸಂದು ಮುಚ್ಚುವುದಿಲ್ಲ, ಏಕೆಂದರೆ ಎರಡು ಪ್ರಾಸೆಸ್‌ಗಳು ಒಂದನ್ನೊಂದು ನೋಡಲಾರವು. ತೀರ್ಮಾನವನ್ನು ಡೇಟಾಬೇಸಿಗೇ ಬಿಡಬೇಕು: ‘ಸಂಖ್ಯೆ 214 ಆಗಿದ್ದು ಸ್ಥಿತಿ ಖಾಲಿ ಎಂದಿರುವ ಸಾಲನ್ನು ಕಾಯ್ದಿರಿಸಿದೆ ಎಂದು ಬದಲಿಸು’ ಎಂಬ ಒಂದೇ ಅಪ್‌ಡೇಟ್ ವಾಕ್ಯ ಕೊಟ್ಟು, ಎಷ್ಟು ಸಾಲು ಬದಲಾಯಿತೆಂದು ಕೇಳಿ. ಒಂದು ಎಂದರೆ ಪುಸ್ತಕ ಸಿಕ್ಕಿತು, ಸೊನ್ನೆ ಎಂದರೆ ಇನ್ನೊಬ್ಬರು ಮುಂದಾದರು. ಈ ಒಂದು ವಾಕ್ಯ ಬರೆಯುವ ಮೊದಲು ತಾಣವನ್ನು ಸದಸ್ಯರಿಗೆ ತೆರೆಯಬೇಡಿ.

ಉತ್ತರ ಕೊಡುವಾಗ ಮೊದಲ ಸಾಲಿನಲ್ಲಿ ಮೂರಂಕಿಯ ಸ್ಥಿತಿಸಂಖ್ಯೆ ಹೋಗುತ್ತದೆ. 200 ಎಂದರೆ ಸರಿ, 4ರಿಂದ ಶುರುವಾದರೆ ಕೇಳಿದವರ ತಪ್ಪು, 5ರಿಂದ ಶುರುವಾದರೆ ಸರ್ವರಿನ ತಪ್ಪು; 502 ಮತ್ತು 504 ಕಂಡರೆ ಮುಂಬಾಗಿಲಿನ ಸರ್ವರ್ ಚೆನ್ನಾಗಿದೆ, ಹಿಂದಿನ ನಿಮ್ಮ ಪ್ರೋಗ್ರಾಂ ಸತ್ತಿದೆ ಅಥವಾ ತಡಮಾಡಿದೆ ಎಂದು ತಿಳಿಯಿರಿ. ಪೋಸ್ಟ್ ಕೆಲಸ ಮುಗಿದ ಮೇಲೆ ನೇರವಾಗಿ ಪುಟ ತೋರಿಸಬೇಡಿ, 303 ಎಂದು ಹೇಳಿ ‘ನನ್ನ ಕಾಯ್ದಿರಿಸಿದ ಪುಸ್ತಕಗಳು’ ಎಂಬ ವಿಳಾಸಕ್ಕೆ ಕಳುಹಿಸಿ. ಬ್ರೌಸರ್ ಆ ವಿಳಾಸವನ್ನು ಗೆಟ್ ಮೂಲಕ ತೆರೆಯುತ್ತದೆ, ಆಮೇಲೆ ಸದಸ್ಯರು ಎಷ್ಟು ಸಲ ರಿಫ್ರೆಶ್ ಒತ್ತಿದರೂ ಅದೇ ಫಾರ್ಮ್ ಮತ್ತೆ ಮತ್ತೆ ಸಲ್ಲಿಕೆಯಾಗುವುದಿಲ್ಲ.

ಫ್ರೇಮ್‌ವರ್ಕಿನ ಪ್ರಶ್ನೆಗೆ ಈಗ ಉತ್ತರಿಸಬಹುದು. ಮೇಲೆ ಹೇಳಿದ ಕೋರಿಕೆಯನ್ನು ಬಿಡಿಸಿ ಓದುವುದು, ಯಾವ ವಿಳಾಸಕ್ಕೆ ಯಾವ ಫಂಕ್ಷನ್ ಎಂದು ಹೊಂದಿಸುವುದು, ಸೆಷನ್, ಎಸ್ಕೇಪ್ ಮಾಡುವ ಟೆಂಪ್ಲೇಟ್, ಇವನ್ನೆಲ್ಲ ಒಪ್ಪವಾಗಿ ಮಾಡಿಟ್ಟ ಕಟ್ಟೇ ಫ್ರೇಮ್‌ವರ್ಕ್. ಪೈಥಾನಿನಲ್ಲಿ ಫ್ಲಾಸ್ಕ್ ಚಿಕ್ಕದು, ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಜಾಂಗೋ ದೊಡ್ಡದು, ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಸಿಕ್ಕಿತು. ಪ್ರೋಗ್ರಾಮಿಂಗ್ ಬಾರದ ಪತ್ರಕರ್ತರು ವಿಷಯ ಸೇರಿಸಬೇಕಾಗಿದ್ದ ಜಾಗದಲ್ಲಿ ಬೆಳೆದದ್ದರಿಂದ ಅದರಲ್ಲಿ ಅಡ್ಮಿನ್ ಎಂಬ ಸಿದ್ಧ ಪರದೆ ಇದೆ. ನಿಮ್ಮ ವಾಚನಾಲಯದಲ್ಲಿಯೂ ಪುಸ್ತಕಗಳ ಪಟ್ಟಿ ತುಂಬಿಸುವವರು ಗ್ರಂಥಪಾಲಕರೇ ಹೊರತು ನೀವಲ್ಲವಾದ್ದರಿಂದ ಈ ಕೆಲಸಕ್ಕೆ ಜಾಂಗೋವನ್ನೇ ಸೂಚಿಸುತ್ತೇನೆ. ಆದರೆ ವಾಚನಾಲಯದವರ ಬಳಿ ಸರ್ವರ್ ನೋಡಿಕೊಳ್ಳುವವರಿಲ್ಲ, ಅಗ್ಗದ ಶೇರ್ಡ್ ಹೋಸ್ಟಿಂಗ್ ಮಾತ್ರ ಸಾಧ್ಯ ಎಂದಾದರೆ ಪಿಎಚ್‌ಪಿ ಬಳಸಲು ಹಿಂಜರಿಯಬೇಡಿ, ಅದನ್ನು ಹೀಗಳೆಯುವವರ ಮಾತಿಗೆ ಕಿವಿಗೊಡಬೇಡಿ. ಯಾವುದನ್ನು ಆರಿಸಿದರೂ, ದೋಷ ಹುಡುಕಲು ಒಳವಿವರ ತೋರಿಸುವ ಡಿಬಗ್ ಮೋಡನ್ನು ಸಾರ್ವಜನಿಕ ಸರ್ವರಿನಲ್ಲಿ ಚಾಲೂ ಇಡಬಾರದು. ಫ್ಲಾಸ್ಕಿನಲ್ಲಿ ಹಾಗೆ ಬಿಟ್ಟರೆ ದೋಷದ ಪುಟದ ಮೂಲಕವೇ ಹೊರಗಿನವರು ನಿಮ್ಮ ಯಂತ್ರದಲ್ಲಿ ಪೈಥಾನ್ ಓಡಿಸುವ ಅಪಾಯವಿದೆ.

ಮೊದಲು ಸಾಕೆಟ್ ಪ್ರಯೋಗವನ್ನು ಒಂದು ದಿನ ಮಾಡಿ, ಆಮೇಲೆ ಫ್ರೇಮ್‌ವರ್ಕಿಗೆ ಹೋಗಿ. ತಾಣ ಸಿದ್ಧವಾದಾಗ ಎರಡು ವರ್ಕರ್ ಇಟ್ಟು, ಎರಡು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಇಬ್ಬರು ಸದಸ್ಯರಾಗಿ ಲಾಗಿನ್ ಆಗಿ, ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು-ಎರಡು-ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ 214ನೇ ಪುಸ್ತಕದ ಗುಂಡಿ ಒತ್ತಿ. ಲಾಗ್ ಫೈಲಿನಲ್ಲಿ ಎರಡು ಪೋಸ್ಟ್ ಸಾಲುಗಳಿರಬೇಕು: ಒಂದರ ಮುಂದೆ 303, ಇನ್ನೊಂದರ ಮುಂದೆ ‘ಪುಸ್ತಕ ಆಗಲೇ ಹೋಯಿತು’ ಎಂಬುದಕ್ಕೆ ನೀವು ಕೊಟ್ಟ 409. ಎರಡರ ಮುಂದೆಯೂ 303 ಕಂಡರೆ ಆ ಅಪ್‌ಡೇಟ್ ವಾಕ್ಯವನ್ನು ಮತ್ತೆ ತೆರೆದು ನೋಡಿ.